ಧ್ರುವದ ಪಾಚಿಗೂ ಊರುಂಟು

ಅಂಟಾರ್ಕ್ಟಿಕದ ನಕ್ಷೆಯಲ್ಲಿ ಭಾರತದ ಎರಡು ನಿಲ್ದಾಣಗಳು ಹೆಚ್ಚುಕಡಿಮೆ ಒಂದೇ ವೃತ್ತದ ಮೇಲೆ ಕೂತಿವೆ. 1989ರಿಂದ ನಡೆಯುತ್ತಿರುವ ಮೈತ್ರಿ ಇರುವುದು 70.8 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ, ಶಿರ್ಮಾಕರ್ ಎಂಬ ಬಂಡೆನೆಲದಲ್ಲಿ. 2012ರಲ್ಲಿ ಶುರುವಾದ ಭಾರತಿ ಇರುವುದು 69.4 ಡಿಗ್ರಿಯಲ್ಲಿ, ಲಾರ್ಸ್‌ಮನ್ ಗುಡ್ಡಗಳ ನಡುವೆ. ಎರಡಕ್ಕೂ ನೇರ ಗೆರೆ ಎಳೆದರೆ ದೆಹಲಿಯಿಂದ ಕನ್ಯಾಕುಮಾರಿಗಿರುವಷ್ಟು ದೂರ. ಬೇಸಿಗೆ ಬಂತೆಂದರೆ ಕೇಪ್‌ಟೌನ್ ಬಿಟ್ಟ ಹಡಗು ಒಂದೇ ಪಯಣದಲ್ಲಿ ಎರಡೂ ಕಡೆಗೆ ಅಕ್ಕಿಬೇಳೆ, ಡೀಸೆಲ್, ಯಂತ್ರದ ಬಿಡಿಭಾಗ, ಜನ ಎಲ್ಲವನ್ನೂ ಮುಟ್ಟಿಸುತ್ತದೆ. ಆ ಜನರ ಸಾಮಾನಿನಲ್ಲಿ ನೀರಿನ ಮಾದರಿ ತುಂಬುವ ಬಾಟಲಿಗಳಿರುತ್ತವೆ, ಸಣ್ಣ ಕಣ್ಣಿನ ಬಲೆಗಳಿರುತ್ತವೆ, ಕೆರೆಯಂಚಿನ ಕೆಸರು ತುಳಿದ ಬೂಟುಗಳಿರುತ್ತವೆ.

ಮೈತ್ರಿಯ ಸುತ್ತ ನೂರಕ್ಕೂ ಹೆಚ್ಚು, ಭಾರತಿಯ ಸುತ್ತ ನೂರೈವತ್ತಕ್ಕೂ ಹೆಚ್ಚು ಸರೋವರ, ಹೊಂಡಗಳಿವೆ. ಮರವಿಲ್ಲ, ಹುಲ್ಲಿಲ್ಲ, ನೀರಿನಲ್ಲಿ ಮೀನಿಲ್ಲ. ಬಿಸಿಲನ್ನು ಉಣ್ಣುವ ಕೆಲಸ ಬಹುಮಟ್ಟಿಗೆ ಪಾಚಿಯದೇ. ಗಾಜಿನಂಥ ಚಿಪ್ಪು ಹೊದ್ದ ಡಯಾಟಮ್‌ಗಳಿವೆ, ಬಾಲ ಬಡಿದು ಈಜುವ ಹಸಿರು ಪಾಚಿಗಳಿವೆ, ವರ್ಗೀಕರಣದ ಪ್ರಕಾರ ಬ್ಯಾಕ್ಟೀರಿಯವೇ ಆದರೂ ಹಳೆಯ ರೂಢಿಯಂತೆ ಪಾಚಿಯ ಪಂಕ್ತಿಯಲ್ಲೇ ಕೂರುವ ನೀಲಿಹಸಿರು ಪಾಚಿಗಳಿವೆ. ಈಗ ಪ್ರಶ್ನೆ ಇಷ್ಟು: ಲಾರ್ಸ್‌ಮನ್‌ನ ಒಂದು ಕೆರೆಯಲ್ಲಿ ಬೂಟಿಗೆ ಮೆತ್ತಿದ ಚಿಟಿಕೆ ಕೆಸರು ಒಣಗಿ, ಹಡಗು ಹತ್ತಿ, ಶಿರ್ಮಾಕರ್‌ನ ಇನ್ನೊಂದು ಕೆರೆಗೆ ಉದುರಿದರೆ ಏನಾದರೂ ಆಗುತ್ತದೆಯೇ?

ಅದೇ ಅಕ್ಷಾಂಶ, ಅದೇ ಚಳಿ, ಅದೇ ಪಾಚಿ, ಏನೂ ಆಗದು ಎಂಬ ಉತ್ತರ ಸಹಜವಾಗಿ ಬಾಯಿಗೆ ಬರುತ್ತದೆ. ಆ ಉತ್ತರ ತಪ್ಪು. ಎಷ್ಟು ತಪ್ಪು ಎಂಬುದು ಕಳೆದ ಮೂರು-ನಾಲ್ಕು ದಶಕಗಳ ಕೆಲಸದಿಂದ ಒಂದೊಂದಾಗಿ ತಿಳಿದುಬಂದಿದೆ. ಆದರೂ ಧ್ರುವದ ಪಾಚಿಯ ಮಾತೆತ್ತಿದರೆ ಸಾಕು, ಅಕ್ಷಾಂಶದ ಅಂಕಿಯೇ ಎಲ್ಲರಿಗಿಂತ ಮುಂದೆ ಬಂದು ನಿಲ್ಲುತ್ತದೆ. ಅಕ್ಷಾಂಶ ಎಂಬುದು ಪಿನ್‌ಕೋಡ್ ಇದ್ದ ಹಾಗೆ. ಟಪಾಲು ತಲುಪಿಸಲು ಅಷ್ಟು ಸಾಕು. ಮನೆಯೊಳಗೆ ಯಾರಿದ್ದಾರೆ, ಒಲೆಯ ಮೇಲೆ ಏನು ಬೇಯುತ್ತಿದೆ, ಮನೆಮಾತು ಯಾವುದು ಎಂದು ಅದು ಹೇಳದು. ಮಾಟುಂಗದಲ್ಲೋ ಮೈಲಾಪುರದಲ್ಲೋ ಕೂತು ಇದನ್ನು ಓದುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಅಕ್ಷಾಂಶಕ್ಕೆ ಸಲ್ಲಬೇಕಾದದ್ದು ಸಲ್ಲಲಿ. ಧ್ರುವದತ್ತ ಹೋದಂತೆ ಬಿಸಿಲು ಓರೆಯಾಗುತ್ತದೆ, ಬೇಸಿಗೆ ಕಿರಿದಾಗುತ್ತದೆ, ಚಳಿಗಾಲದ ಕತ್ತಲು ತಿಂಗಳುಗಟ್ಟಲೆ ಹಿಗ್ಗುತ್ತದೆ. ಉತ್ತರದಲ್ಲಿ ಮರಗಳ ಗಡಿ ದಾಟಿ ಮೇಲೆ ಹೋದರೆ ಮಣ್ಣು ಬಡವಾಗುತ್ತದೆ. ಆ ಮಣ್ಣಿನಿಂದ ಕೆರೆಗಿಳಿಯುವ ಚಹಾ ಬಣ್ಣದ ಸಾವಯವ ರಸ ಕಮ್ಮಿಯಾಗುತ್ತದೆ, ತೇಲುವ ಪಾಚಿಗಿಂತ ತಳ ಕಚ್ಚಿ ಬೆಳೆಯುವ ಪಾಚಿಯ ಪಾಲು ಹೆಚ್ಚುತ್ತದೆ. ದಕ್ಷಿಣದಲ್ಲಿ ಖಂಡದ ಹೊರಗಿನ ದ್ವೀಪಗಳಿಂದ ಖಂಡದ ಒಳಕ್ಕೆ ಬಂದಂತೆ ಡಯಾಟಮ್ ಪ್ರಭೇದಗಳ ಎಣಿಕೆ ಇಳಿಯುತ್ತದೆ. ಇಷ್ಟು ನಿಜ. ಬಹಳ ಎತ್ತರದಿಂದ ನೋಡಿದಾಗ ಕಾಣುವ ನಿಜ. ದಂಡೆಗೆ ಇಳಿದ ಕೂಡಲೇ ಚೂರಾಗುವ ನಿಜ.

1908ರಲ್ಲಿ ಅರ್ನೆಸ್ಟ್ ಶ್ಯಾಕಲ್ಟನ್‌ನ ತಂಡ ರಾಸ್ ದ್ವೀಪದ ಕೇಪ್ ರಾಯ್ಡ್ಸ್ ಎಂಬಲ್ಲಿ ಮರದ ಗುಡಿಸಲು ಕಟ್ಟಿಕೊಂಡಿತು. ಅದು 77.5 ಡಿಗ್ರಿ ದಕ್ಷಿಣ. ಗುಡಿಸಲ ಪಕ್ಕದಲ್ಲೇ ಒಂದು ಹೊಂಡ. ತಂಡ ತಂದಿದ್ದ ಗಿಡ್ಡ ತಳಿಯ ಕುದುರೆಗಳನ್ನು ಅದರ ಹತ್ತಿರ ಕಟ್ಟುತ್ತಿದ್ದರಿಂದ ಅದಕ್ಕೆ ಪೋನಿ ಕೆರೆ ಎಂದೇ ಹೆಸರಾಯಿತು. ತಂಡದ ಜೀವವಿಜ್ಞಾನಿ ಜೇಮ್ಸ್ ಮರ್ರಿ ಸುತ್ತಲಿನ ಕೆರೆಗಳ ಮಂಜುಗಡ್ಡೆ ಕೊರೆದು ಒಳಗಿನ ಸೂಕ್ಷ್ಮಜೀವಿಗಳನ್ನು ಹುಡುಕಿದ. ಅಂಟಾರ್ಕ್ಟಿಕದ ಸಿಹಿನೀರನ್ನು ಸೂಕ್ಷ್ಮದರ್ಶಕದಡಿ ಇಟ್ಟ ಮೊದಲಿಗರಲ್ಲಿ ಅವನೊಬ್ಬ. ಪೋನಿ ಕೆರೆಯ ಮಗ್ಗುಲಲ್ಲಿ ಅಡೇಲಿ ಪೆಂಗ್ವಿನ್‌ಗಳ ದೊಡ್ಡ ಕೇರಿಯಿದೆ. ಲೋಕದ ಎಲ್ಲ ಅಡೇಲಿ ಪೆಂಗ್ವಿನ್ ನೆಲೆಗಳಲ್ಲಿ ಅದೇ ಅತಿ ದಕ್ಷಿಣದ್ದು. ಹಕ್ಕಿಗಳ ಹಿಕ್ಕೆ ಕೆರೆಗೆ ಹರಿಯುತ್ತದೆ, ಸಮುದ್ರದ ತುಂತುರು ಉಪ್ಪು ತರುತ್ತದೆ, ಬೇಸಿಗೆಯಲ್ಲಿ ಮಂಜುಗಡ್ಡೆ ಕರಗಿದಾಗ ನೀರು ಏಕಕೋಶ ಪಾಚಿಯಿಂದ ದಟ್ಟ ಹಸಿರಾಗುತ್ತದೆ.

ಅಲ್ಲಿಂದ ಕೊಲ್ಲಿ ದಾಟಿ ನೂರು ಕಿಲೋಮೀಟರಿನೊಳಗೆ ಟೇಲರ್ ಕಣಿವೆಯ ಹೋರ್ ಸರೋವರ. ಅದೂ 77.6 ಡಿಗ್ರಿ ದಕ್ಷಿಣ. ಅದೇ ಸೂರ್ಯ, ಅದೇ ಉದ್ದದ ಹಗಲು, ಅದೇ ಉದ್ದದ ಇರುಳು. ಆದರೆ ಇಲ್ಲಿ ಮೂರರಿಂದ ಐದು ಮೀಟರ್ ದಪ್ಪದ ಮಂಜುಗಡ್ಡೆ ವರ್ಷವಿಡೀ ಮುಚ್ಚಿರುತ್ತದೆ. ಬೇಸಿಗೆಯಲ್ಲಿ ದಂಡೆಯ ಸುತ್ತ ಕಂದಕದಷ್ಟೇ ನೀರು ಬಿಚ್ಚಿಕೊಳ್ಳುತ್ತದೆ. ಪೋಷಕಾಂಶ ಎಂಬುದು ಹೆಸರಿಗಷ್ಟೇ. ತೇಲುವ ಪಾಚಿ ತೀರಾ ವಿರಳ. ತಳದಲ್ಲಿ ಮಾತ್ರ ನೀಲಿಹಸಿರು ಪಾಚಿಯ ಚಾಪೆ ಪದರ ಪದರವಾಗಿ ಹಾಸಿದೆ. ಅಲ್ಲಿನ ನೀರಿನಲ್ಲಿ ಈಜುವ ಕ್ರಿಪ್ಟೊಫೈಟ್ ಎಂಬ ಪಾಚಿ ಬಿಸಿಲು ಸಾಲದಾದಾಗ ಬ್ಯಾಕ್ಟೀರಿಯಗಳನ್ನು ನುಂಗಿ ಬದುಕುತ್ತದೆ. ಅರ್ಧ ಗಿಡ, ಅರ್ಧ ಬೇಟೆಗಾರ. ಪೋನಿ ಕೆರೆಯನ್ನೂ ಹೋರ್ ಸರೋವರವನ್ನೂ ಒಂದೇ ಅಕ್ಷಾಂಶದ ಎರಡು ಬಿಂದುಗಳೆಂದು ಗ್ರಾಫಿನಲ್ಲಿ ಕೂಡಿಸಿ ಸರಾಸರಿ ತೆಗೆದರೆ ಬರುವ ಸರೋವರ ಭೂಮಿಯ ಮೇಲೆ ಎಲ್ಲಿಯೂ ಇಲ್ಲ.

ಅದೇ ಟೇಲರ್ ಕಣಿವೆಯಲ್ಲಿ ಇನ್ನಷ್ಟು ಮೇಲೆ ಬಾನಿ ಸರೋವರ. ಅದರ ಪೂರ್ವದ ಮಡಿಲಿನಲ್ಲಿ 17 ಮೀಟರ್ ಆಳದಿಂದ ಬೇರ್ಪಡಿಸಿದ ಒಂದು ಕ್ಲಾಮಿಡೊಮೊನಾಸ್ ಹಸಿರು ಪಾಚಿ ಪ್ರಯೋಗಾಲಯಗಳಲ್ಲಿ ಯುಡಬ್ಲ್ಯುಒ-241 ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಸಮುದ್ರಕ್ಕಿಂತ ಉಪ್ಪಾದ ನೀರು, ಸೊನ್ನೆಯ ಆಸುಪಾಸಿನ ತಂಪು, ಮೇಲಿನ ಮಂಜುಗಡ್ಡೆಯನ್ನೂ ನೀರನ್ನೂ ದಾಟಿ ಬರುವ ಒಂದಿಷ್ಟು ನೀಲಿ-ಹಸಿರು ಬೆಳಕು ಅದರ ಲೋಕ. ಕೆಂಪು ಬೆಳಕು ಅಷ್ಟು ಆಳ ತಲುಪುವುದೇ ಇಲ್ಲ. ಪ್ರಯೋಗಾಲಯದಲ್ಲಿ ಕೆಂಪು ಬೆಳಕನ್ನಷ್ಟೇ ಕೊಟ್ಟರೆ ಈ ಪಾಚಿ ಬೆಳೆಯದು. 20 ಡಿಗ್ರಿಯ ನೀರಿನಲ್ಲಿಟ್ಟರೂ ಬೆಳೆಯದು. ಬೆಳಕು ಬದಲಾದಾಗ ಇತರ ಹಸಿರು ಪಾಚಿಗಳು ಮಾಡಿಕೊಳ್ಳುವ ಒಂದು ಸಾಮಾನ್ಯ ಹೊಂದಾಣಿಕೆಯನ್ನೂ ಇದು ಬಹುಮಟ್ಟಿಗೆ ಕಳೆದುಕೊಂಡಿದೆ. ಬೆಳಕು ಏರಿಳಿಯದ ಮನೆಯಲ್ಲಿ ಅದರ ಅಗತ್ಯ ಬೀಳಲಿಲ್ಲ. ಇದನ್ನು ಹೀಗೆ ರೂಪಿಸಿದ್ದು 77 ಎಂಬ ಅಂಕಿಯಲ್ಲ. ಆ ಒಂದು ಸರೋವರದ, ಆ ಒಂದು ಆಳದ ಬಾಳು.

ಚಳಿಯೆಂದರೂ ಎಲ್ಲ ಕಡೆ ಒಂದೇ ಚಳಿಯಲ್ಲ. ಪಕ್ಕದ ರೈಟ್ ಕಣಿವೆಯಲ್ಲಿರುವ ವಾಂಡಾ ಸರೋವರದ ಮೇಲೆಯೂ ವರ್ಷವಿಡೀ ಮಂಜುಗಡ್ಡೆ. ಆದರೆ ತಳದ ನೀರಿನ ಉಷ್ಣತೆ ಸುಮಾರು 25 ಡಿಗ್ರಿ, ಅಂದರೆ ಬೆಂಗಳೂರಿನ ಒಂದು ಹಿತವಾದ ಮಧ್ಯಾಹ್ನದಷ್ಟು. ತಿಳಿಯಾದ ಮಂಜುಗಡ್ಡೆ ತೂರಿ ಬಂದ ಬಿಸಿಲು ತಳದ ಭಾರದ ಉಪ್ಪುನೀರನ್ನು ಬೆಚ್ಚಗಾಗಿಸುತ್ತದೆ. ಭಾರ ಹೆಚ್ಚಿರುವುದರಿಂದ ಆ ನೀರು ಮೇಲೇಳದು, ಮೇಲೇಳದ ಕಾರಣ ಬಿಸಿ ಅಲ್ಲೇ ಉಳಿಯುತ್ತದೆ. ಅಕ್ಷಾಂಶ ನೋಡಿ ಈ ಅಂಕಿಯನ್ನು ಊಹಿಸಬಲ್ಲವರು ಯಾರೂ ಇರಲಾರರು.

ಭಾರತಿಯ ಹತ್ತಿರಕ್ಕೇ ಬರೋಣವೆಂದರೆ, ಅಲ್ಲಿಂದ ನೂರು ಕಿಲೋಮೀಟರಿಗೆ ತುಸು ಹೆಚ್ಚು ದೂರದಲ್ಲಿ ವೆಸ್ಟ್‌ಫೋಲ್ಡ್ ಗುಡ್ಡಗಳಿವೆ. ಅಕ್ಷಾಂಶದಲ್ಲಿ ಒಂದು ಡಿಗ್ರಿಯಷ್ಟೂ ವ್ಯತ್ಯಾಸವಿಲ್ಲ. ಲಾರ್ಸ್‌ಮನ್‌ನ ಸರೋವರಗಳು ಹೆಚ್ಚಿನವು ಸಿಹಿನೀರಿನವು. ತಿಳಿ ನೀರು, ತಳದಲ್ಲಿ ನೀಲಿಹಸಿರು ಪಾಚಿಯ ದಪ್ಪ ಚಾಪೆ. ವೆಸ್ಟ್‌ಫೋಲ್ಡ್‌ನಲ್ಲಿ ಉಪ್ಪುನೀರಿನ ಕೆರೆಗಳ ಸಂತೆಯೇ ಇದೆ. ಅವುಗಳಲ್ಲಿ ಒಂದಾದ ಡೀಪ್ ಸರೋವರ ಸಮುದ್ರಕ್ಕಿಂತ ಸುಮಾರು ಹತ್ತು ಪಟ್ಟು ಉಪ್ಪು. ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿದರೂ ಹೆಪ್ಪುಗಟ್ಟದು. ಅದರಲ್ಲಿ ಕಾಣುವ ಪಾಚಿ ಡುನಾಲಿಯೆಲ್ಲ. ಉಷ್ಣವಲಯದ ಉಪ್ಪಿನ ಗದ್ದೆಗಳನ್ನು ಕೆಂಪಾಗಿಸುವ ಪಾಚಿಯ ದಾಯಾದಿ ಅದು. ಅಕ್ಷಾಂಶ ಅದನ್ನು ಎಲ್ಲಿಗೋ ಅಟ್ಟಬೇಕಿತ್ತು, ಉಪ್ಪು ಅಲ್ಲೇ ಇರಿಸಿಕೊಂಡಿದೆ. ಇನ್ನೊಂದು, ಏಸ್ ಸರೋವರ. ಕೊನೆಯ ಹಿಮಯುಗದ ಭಾರ ಇಳಿದ ಮೇಲೆ ನೆಲ ನಿಧಾನಕ್ಕೆ ಮೇಲೆದ್ದು, ಸಮುದ್ರದ ನೀರು ತಗ್ಗಿನಲ್ಲಿ ಸಿಕ್ಕಿಬಿದ್ದು, ಸಾವಿರಾರು ವರ್ಷಗಳಿಂದ ಸರೋವರವಾಗಿದೆ. ಅದರ ಮುಖ್ಯ ಪಾಚಿಗಳಲ್ಲೊಂದಾದ ಪಿರಮಿಮೊನಾಸ್ ಇವತ್ತಿಗೂ ಸಮುದ್ರದ ಸಂತತಿಯೇ. ಬಾಗಿಲು ಮುಚ್ಚಿದಾಗ ಒಳಗಿದ್ದವರು ಒಳಗೇ ಉಳಿದರು ಎನ್ನುವ ಹಾಗೆ. ಕೆರೆಯಲ್ಲಿ ಯಾರಿದ್ದಾರೆ ಎಂಬುದಕ್ಕೆ ಇಂದಿನ ಹವೆಯೊಂದೇ ಉತ್ತರವಲ್ಲ. ಆ ಕೆರೆ ಹುಟ್ಟಿದ್ದು ಹೇಗೆ, ಯಾವಾಗ ಎಂಬುದೂ ಉತ್ತರದ ಭಾಗ.

ಮೃಗಪಕ್ಷಿಗಳ ಪಾತ್ರ ಇದಕ್ಕಿಂತಲೂ ಚುರುಕು. 60.7 ಡಿಗ್ರಿ ದಕ್ಷಿಣದ ಸೈನಿ ದ್ವೀಪದ ಉದ್ದ ಆರೇಳು ಕಿಲೋಮೀಟರ್. ಅಷ್ಟರೊಳಗೇ ಹೇವುಡ್ ಸರೋವರ ತುಪ್ಪುಳ ಸೀಲ್‌ಗಳ ಗಲೀಜಿನಿಂದ ಪೋಷಕಾಂಶ ತುಂಬಿ ಪಾಚಿಯಿಂದ ಮಂದವಾಗುತ್ತದೆ. ಅದೇ ದ್ವೀಪದ ಮಾಸ್ ಸರೋವರ ತಿಳಿಯಾಗಿ, ತಳದ ಮಾಸ್ ಗಿಡಗಳ ವರೆಗೂ ಬೆಳಕು ಬಿಟ್ಟುಕೊಡುತ್ತದೆ. ತುಪ್ಪುಳಕ್ಕಾಗಿ ಕೊಂದು ಮುಗಿಸಿದ್ದ ಸೀಲ್‌ಗಳು ರಕ್ಷಣೆ ಸಿಕ್ಕ ಮೇಲೆ ಮರಳಿ ಹೆಚ್ಚಿದವು, ಕೆರೆ ಬದಲಾಯಿತು. 19ನೇ ಶತಮಾನದ ಬೇಟೆಯ ಲೆಕ್ಕಪತ್ರ ಓದದೆ ಹೇವುಡ್‌ನ ಇಂದಿನ ಪಾಚಿಯನ್ನು ವಿವರಿಸಲಾಗದು.

ಸೈನಿ ಇನ್ನೊಂದು ಪಾಠವನ್ನೂ ಕೊಟ್ಟಿದೆ. 1980 ಮತ್ತು 1995ರ ನಡುವೆ ಅಲ್ಲಿನ ಸರೋವರಗಳ ಉಷ್ಣತೆ 0.9 ಡಿಗ್ರಿ ಏರಿತು. ಗಾಳಿಯ ಉಷ್ಣತೆ ಏರಿದ್ದಕ್ಕಿಂತ ಇದು ಹಲವು ಪಟ್ಟು ಹೆಚ್ಚು. ಸುತ್ತಲಿನ ಹಿಮ ಸರಿದು ಬರಿ ಮಣ್ಣು ತೆರೆದುಕೊಂಡು ಪೋಷಕಾಂಶ ಹರಿದುಬಂತು, ಮಂಜುಗಡ್ಡೆಯಿಲ್ಲದ ದಿನಗಳು ಹೆಚ್ಚಿದವು, ಪಾಚಿಯೂ ಹೆಚ್ಚಿತು. ಇದಕ್ಕೆ ಎದುರಾದ ಉದಾಹರಣೆ ಪೂರ್ವ ಅಂಟಾರ್ಕ್ಟಿಕದ ವಿಂಡ್‌ಮಿಲ್ ದ್ವೀಪಗಳದ್ದು. ಅಲ್ಲಿ ಕೆಲವು ಸರೋವರಗಳು ಕೆಲವೇ ದಶಕಗಳಲ್ಲಿ ಉಪ್ಪಾದವು, ಡಯಾಟಮ್‌ಗಳ ಬಳಗವೇ ಬದಲಾಯಿತು. ಅಲ್ಲಿ ಹೆಚ್ಚಾದದ್ದು ಬಿಸಿಯಲ್ಲ, ಗಾಳಿ. ಬೀಸುವ ಗಾಳಿ ನೀರನ್ನೂ ಹಿಮವನ್ನೂ ಹೀರಿ ಒಯ್ದಿತು. ಹವಾಮಾನ ಬದಲಾವಣೆ ಎಂದರೆ ಥರ್ಮಾಮೀಟರು ಎಂದುಕೊಂಡವರಿಗೆ ಈ ಕೆರೆಗಳು ಏನನ್ನೂ ಹೇಳುವುದಿಲ್ಲ.

ಉತ್ತರ ಧ್ರುವದ ಕಡೆಯೂ ಕತೆ ಇದೇ. ಭಾರತದ ಹಿಮಾದ್ರಿ ನಿಲ್ದಾಣ 2008ರಿಂದ ಸ್ವಾಲ್‌ಬಾರ್ಡ್‌ನ ನಿ-ಓಲೆಸುಂಡ್‌ನಲ್ಲಿದೆ, ಸುಮಾರು 79 ಡಿಗ್ರಿ ಉತ್ತರ. ಕೆನಡದ ಎಲ್ಸ್‌ಮಿಯರ್ ದ್ವೀಪದ ಕೇಪ್ ಹರ್ಷೆಲ್ ಕೂಡ ಹೆಚ್ಚುಕಡಿಮೆ ಅದೇ ಅಕ್ಷಾಂಶ, 78.6 ಡಿಗ್ರಿ. ಸ್ವಾಲ್‌ಬಾರ್ಡ್‌ನ ಪಶ್ಚಿಮ ಕರಾವಳಿಗೆ ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹ ಬಂದು ತಾಗುತ್ತದೆ. ಬೇಸಿಗೆಯಲ್ಲಿ ಬಾತುಗಳ ಹಿಂಡು ಬಂದು ಹೊಂಡದ ದಂಡೆಗಳಿಗೆ ಗೊಬ್ಬರ ಹಾಕಿ ಹೋಗುತ್ತವೆ. ಕೇಪ್ ಹರ್ಷೆಲ್‌ಗೆ ಆ ಭಾಗ್ಯವಿಲ್ಲ. ಕೆನಡದ ವಿಜ್ಞಾನಿಗಳಾದ ಜಾನ್ ಸ್ಮೋಲ್ ಮತ್ತು ಮರಿಯಾನ್ ಡಗ್ಲಸ್ 1983ರಲ್ಲಿ ಆರಂಭವಾದ ಅಲ್ಲಿನ ಆಳವಿಲ್ಲದ ಹೊಂಡಗಳ ಅಧ್ಯಯನವನ್ನು ಎರಡು ದಶಕಕ್ಕೂ ಹೆಚ್ಚು ಕಾಲ ಬಿಡದೆ ನಡೆಸಿದರು. ಮತ್ತೆ ಮತ್ತೆ ಅದೇ ಹೊಂಡಗಳು. 1994ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ದೊಡ್ಡ ಸುದ್ದಿಯಾಯಿತು. ತಳದ ಕೆಸರಿನಲ್ಲಿ ಸಾವಿರಾರು ವರ್ಷ ಹೆಚ್ಚು ಬದಲಾಗದೆ ಇದ್ದ ಡಯಾಟಮ್ ಬಳಗ 19ನೇ ಶತಮಾನದಿಂದೀಚೆಗೆ ತಲೆಕೆಳಗಾಗಿತ್ತು. ಮಂಜುಗಡ್ಡೆಯಂಚಿನ ಕಿರಿದಾದ ನೀರಿನಲ್ಲಿ ಬದುಕುವ ಸಣ್ಣ ಫ್ರಾಜಿಲೇರಿಯ ಬಗೆಯವು ಹಿಂದೆ ಸರಿದು, ಮಾಸ್ ಗಿಡಗಳ ಮೇಲೆ ಬೆಳೆಯುವ ನಾನಾ ಬಗೆಯವು ಬಂದಿದ್ದವು. ನೀರು ತೆರೆದಿರುವ ದಿನಗಳು ಹೆಚ್ಚಿದ್ದವೆಂದು ಪಾಚಿಯೇ ಬರೆದಿಟ್ಟ ದಾಖಲೆ ಅದು. 2006ರ ಬೇಸಿಗೆಯಲ್ಲಿ ಅವರು ಹೋದಾಗ ಸಾವಿರಾರು ವರ್ಷ ಬತ್ತದ ಕೆಲವು ಹೊಂಡಗಳು ಪೂರ್ತಿ ಒಣಗಿದ್ದವು. ಒಣಗಿದ ತಳದಲ್ಲಿ ಬೂಟು ನೆನೆಯದಂತೆ ನಡೆಯಬಹುದಿತ್ತು.

ಧ್ರುವದ ಕೆರೆಯಲ್ಲಿ ಬೆಳಕಿಗೂ ಗಾಳಿಯ ಕಲಕಾಟಕ್ಕೂ ಹೆಬ್ಬಾಗಿಲೆಂದರೆ ಮಂಜುಗಡ್ಡೆಯೇ. ಅದು ವರ್ಷಕ್ಕೆ ಎಷ್ಟು ದಿನ ತೆರೆದಿರುತ್ತದೆ ಎಂಬ ಒಂದೇ ಅಂಕಿ ಅಕ್ಷಾಂಶಕ್ಕಿಂತ ಎಷ್ಟೋ ಹೆಚ್ಚು ಹೇಳುತ್ತದೆ. ಕೆನಡದ ಅತಿ ಉತ್ತರದ ಸರೋವರ, 83 ಡಿಗ್ರಿಯ ವಾರ್ಡ್ ಹಂಟ್, 20ನೇ ಶತಮಾನದ ಮಧ್ಯದಲ್ಲಿ ಸುಮಾರು 4 ಮೀಟರ್ ದಪ್ಪದ ಶಾಶ್ವತ ಮಂಜುಗಡ್ಡೆ ಹೊದ್ದಿತ್ತು. 2011ರ ಬೇಸಿಗೆಯಲ್ಲಿ ಅದು ಪೂರ್ತಿ ಕರಗಿತು. ಅಕ್ಷಾಂಶ ಒಂದಿಂಚೂ ಸರಿಯಲಿಲ್ಲ, ಸರೋವರ ಬೇರೆಯೇ ಆಯಿತು. 2005ರಲ್ಲಿ ಆರ್ಕ್ಟಿಕ್ ಸುತ್ತಲಿನ 55 ಕೆಸರಿನ ದಾಖಲೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ದೊಡ್ಡ ಬದಲಾವಣೆಗಳು ಹೆಚ್ಚಾಗಿ ಮೇಲಿನ ಅಕ್ಷಾಂಶಗಳಲ್ಲೇ ಕಂಡವು. ಅಕ್ಷಾಂಶದ ಪರ ವಾದಿಸುವವರಿಗೆ ಇದೇ ಗಟ್ಟಿ ಸಾಕ್ಷಿ. ಆದರೆ ಅದೇ ಅಧ್ಯಯನದಲ್ಲಿ ಉತ್ತರ ಕ್ಯೂಬೆಕ್, ಲ್ಯಾಬ್ರಡಾರ್‌ಗಳ ಸರೋವರಗಳು ಹೆಚ್ಚೇನೂ ಬದಲಾಗಿರಲಿಲ್ಲ. ಆ ಭಾಗ ಅದುವರೆಗೆ ಬಿಸಿಯಾಗಿರಲಿಲ್ಲ, ಅಷ್ಟೇ. ಪಾಚಿಗಳು ಗೋಳದ ಮೇಲಿನ ಗೆರೆಯ ಮಾತು ಕೇಳಲಿಲ್ಲ, ತಮ್ಮ ನೀರಿನ ಮಾತು ಕೇಳಿದವು.

ಇಷ್ಟಾದರೂ ಒಂದು ವಾದ ಉಳಿಯುತ್ತದೆ. ಪರಿಸರ ಬೇರೆ ಬೇರೆಯಾದ್ದರಿಂದ ಪಾಚಿ ಬೇರೆ ಬೇರೆ, ಒಪ್ಪೋಣ. ಆದರೆ ಎಲ್ಲ ಪಾಚಿಗಳ ಬೀಜವೂ ಎಲ್ಲ ಕಡೆಗೂ ಗಾಳಿಯಲ್ಲಿ ಹಾರಿ ಬರುತ್ತಲೇ ಇರುತ್ತದೆ, ಒಗ್ಗಿದ್ದು ಉಳಿಯುತ್ತದೆ, ಒಗ್ಗದ್ದು ಸಾಯುತ್ತದೆ. 1934ರಲ್ಲಿ ಡಚ್ ವಿಜ್ಞಾನಿ ಬಾಸ್ ಬೆಕಿಂಗ್ ಸೂಕ್ಷ್ಮಜೀವಿಗಳ ಬಗ್ಗೆ ಹೇಳಿದ್ದರ ತಾತ್ಪರ್ಯ ಇದು. ದಶಕಗಳ ಕಾಲ ಇದೇ ವೇದವಾಕ್ಯವಾಗಿತ್ತು. ಇದು ನಿಜವಾದರೆ ಬೂಟಿನ ಕೆಸರು ಯಾವ ಲೆಕ್ಕಕ್ಕೂ ಇಲ್ಲ. ಗಾಳಿ ಮಾಡಿದ್ದನ್ನೇ ಬೂಟೂ ಮಾಡುತ್ತದೆ.

ಈ ನಂಬಿಕೆ ಅಷ್ಟು ಕಾಲ ಬಾಳಿದ್ದಕ್ಕೆ ಒಂದು ಸಣ್ಣ, ಕೊಂಚ ಮುಜುಗರದ ಕಾರಣವೂ ಇತ್ತು. ಅಂಟಾರ್ಕ್ಟಿಕದ ಡಯಾಟಮ್‌ಗಳನ್ನು ಗುರುತಿಸಲು ಬಹುಕಾಲ ಕೈಗೆ ಸಿಗುತ್ತಿದ್ದದ್ದು ಯೂರೋಪಿನ ಕೆರೆಗಳಿಗಾಗಿ ಬರೆದ ಕೈಪಿಡಿಗಳು. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಕೈಪಿಡಿಯ ಚಿತ್ರಕ್ಕೆ ಸುಮಾರಾಗಿ ಹೋಲಿದರೆ ಅದೇ ಹೆಸರು ಬರೆದು ಮುಂದೆ ಹೋಗುತ್ತಿದ್ದರು. ಯೂರೋಪಿನ ಹೆಸರೇ ಎಲ್ಲ ಕಡೆ ಸಿಕ್ಕಿತು, ಹಾಗಾಗಿ ಎಲ್ಲ ಕಡೆ ಒಂದೇ ಪಾಚಿ ಎಂದಾಯಿತು. ಕನ್ನಡಿಗರಿಗೆ ಇದು ಹೊಸದೇನಲ್ಲ. ವಿಂಧ್ಯದಾಚೆ ದಕ್ಷಿಣದವರೆಲ್ಲ ಒಂದೇ ಹೆಸರಿನವರಾಗಿದ್ದ ಕಾಲ ತೀರಾ ಹಿಂದಿನದಲ್ಲ. ಚಿಪ್ಪಿನ ಗೆರೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎಣಿಸಿ, ಡಿಎನ್ಎ ಓದಿ ನೋಡಿದಾಗ ಜಗತ್ತಿಡೀ ಹಬ್ಬಿದ ಒಂದೇ ಪ್ರಭೇದ ಎಂದುಕೊಂಡಿದ್ದ ಪಿನ್ನುಲೇರಿಯ ಬೊರಿಯಾಲಿಸ್‌ನಂಥವು ಒಂದಲ್ಲ, ಹಲವು ಎಂದು ಗೊತ್ತಾಯಿತು. ದಕ್ಷಿಣದ ನಾನೂರಕ್ಕೂ ಹೆಚ್ಚು ಸರೋವರಗಳ ಡಯಾಟಮ್ ಪಟ್ಟಿಗಳನ್ನು ಹೀಗೆ ತಿದ್ದಿ ಹೋಲಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಹತ್ತಿರ ಹತ್ತಿರ ಅರ್ಧದಷ್ಟು ಪ್ರಭೇದಗಳು ಅಂಟಾರ್ಕ್ಟಿಕ ವಲಯ ಬಿಟ್ಟು ಬೇರೆಲ್ಲೂ ಇಲ್ಲ. ವಲಯದೊಳಗೂ ಹೊರದ್ವೀಪಗಳು, ಪರ್ಯಾಯದ್ವೀಪದ ಕಡೆಯ ಕಡಲಂಚು, ಖಂಡದ ಒಡಲು ಎಂದು ಮೂರು ಬೇರೆ ಬೇರೆ ನಾಡುಗಳಿವೆ.

ಉತ್ತರ ಮತ್ತು ದಕ್ಷಿಣ ಧ್ರುವಗಳ ವ್ಯತ್ಯಾಸವೂ ಇಲ್ಲೇ ಬಿಚ್ಚಿಕೊಳ್ಳುತ್ತದೆ. ನಾರ್ವೆಯ ಟ್ರೋಮ್ಸೊ 69.6 ಡಿಗ್ರಿ ಉತ್ತರ. ಅಲ್ಲಿ ಬರ್ಚ್ ಕಾಡಿದೆ, ವಿಶ್ವವಿದ್ಯಾಲಯವಿದೆ, ಚಳಿಗಾಲದಲ್ಲೂ ಹೆಪ್ಪುಗಟ್ಟದ ಬಂದರಿದೆ. ಭಾರತಿ 69.4 ಡಿಗ್ರಿ ದಕ್ಷಿಣ. ಅಲ್ಲಿರುವುದು ಬರಿ ಬಂಡೆ, ಹಿಮ. ಆರ್ಕ್ಟಿಕ್ ಸಮುದ್ರದ ಸುತ್ತ ಖಂಡಗಳು ಒತ್ತಿ ನಿಂತಿವೆ. ಪ್ರತಿ ವಸಂತದಲ್ಲಿ ಲಕ್ಷಾಂತರ ಹಕ್ಕಿಗಳು ದಕ್ಷಿಣದ ಕೆರೆಗಳಿಂದ ಕೊಕ್ಕಿನಲ್ಲಿ, ಕಾಲಲ್ಲಿ ಕೆಸರು ಹೊತ್ತು ಅಲ್ಲಿಗೆ ಹೋಗುತ್ತವೆ. ಅಂಟಾರ್ಕ್ಟಿಕದ ಸುತ್ತ ಸಾಗರ. ಅಲ್ಲಿನ ಪಾಚಿ ಹಿಮಯುಗಗಳನ್ನು ಅಲ್ಲೇ, ಸಿಕ್ಕ ಸಂದಿಗೊಂದಿಯಲ್ಲಿ ಕಳೆದಂತೆ ಕಾಣುತ್ತದೆ. ಲಾರ್ಸ್‌ಮನ್‌ನ ಕೆಲವು ಭಾಗಗಳನ್ನು ಕೊನೆಯ ಹಿಮಯುಗದ ಹಿಮನದಿ ಮುಚ್ಚಲೇ ಇಲ್ಲ.

ಈಗ ಬೂಟಿಗೆ ಮರಳಬಹುದು. ಹೊರಗಿನ ಜೀವಿಗಳನ್ನು ಅಂಟಾರ್ಕ್ಟಿಕಕ್ಕೆ ತರಬಾರದೆಂದು 1991ರ ಮ್ಯಾಡ್ರಿಡ್ ಒಡಂಬಡಿಕೆ ಹೇಳುತ್ತದೆ. ಭಾರತ 2022ರಲ್ಲಿ ತನ್ನದೇ ಅಂಟಾರ್ಕ್ಟಿಕ್ ಕಾಯ್ದೆ ಮಾಡಿದೆ. ಆದರೆ ‘ಹೊರಗಿನದು’ ಎಂದಾಗ ಸಾಮಾನ್ಯವಾಗಿ ಮನಸ್ಸಿಗೆ ಬರುವುದು ಕೇಪ್‌ಟೌನ್‌ನ ಹುಲ್ಲಿನ ಬೀಜ, ಗೋವಾದ ಇರುವೆ. ಅದು ಬೇಕಾದ ಎಚ್ಚರವೇ. ಪಾಚಿಯ ಮಟ್ಟಿಗೆ ಮಾತ್ರ ಭಯದ ದಿಕ್ಕು ತಿರುಗಬೇಕು. ಗೋವಾದ ಕೆರೆಯ ಪಾಚಿ ಮೈತ್ರಿಯ ಎದುರಿನ ಪ್ರಿಯದರ್ಶಿನಿ ಸರೋವರಕ್ಕೆ ಬಿದ್ದರೆ ಬಹುತೇಕ ಚಳಿಗೇ ಸಾಯುತ್ತದೆ. ಲಾರ್ಸ್‌ಮನ್‌ನ ಪಾಚಿ ಸಾಯುವುದಿಲ್ಲ. ಹೆಪ್ಪುಗಟ್ಟಿ, ಒಣಗಿ, ತಿಂಗಳುಗಟ್ಟಲೆ ಕತ್ತಲಲ್ಲಿದ್ದು ಮತ್ತೆ ಚಿಗುರುವುದು ಅದರ ಹುಟ್ಟುಗುಣ. ಅಂಟಾರ್ಕ್ಟಿಕದ ಜೀವಿವಲಯಗಳ ನಕ್ಷೆಯಲ್ಲಿ ಶಿರ್ಮಾಕರ್ ಒಂದು ವಲಯ, ಲಾರ್ಸ್‌ಮನ್ ಇನ್ನೊಂದು. ಎರಡನ್ನೂ ಒಂದೇ ಹಡಗು ಹೊಲಿಯುತ್ತದೆ. ಹಿಮಾದ್ರಿಯನ್ನೂ ಸೇರಿಸಿಕೊಂಡರೆ ಚಿತ್ರ ಇನ್ನೂ ಬಿಗಿಯಾಗುತ್ತದೆ. ಜುಲೈಯಲ್ಲಿ ಸ್ವಾಲ್‌ಬಾರ್ಡ್‌ನ ಹೊಂಡ ತುಳಿದ ಬೂಟು ಡಿಸೆಂಬರಿನಲ್ಲಿ ಅಂಟಾರ್ಕ್ಟಿಕಕ್ಕೆ ಹೋಗುವುದು ಅಸಾಧ್ಯವೇನಲ್ಲ. ಮೂರೂ ನಿಲ್ದಾಣಗಳನ್ನು ನೋಡಿಕೊಳ್ಳುವುದು ಗೋವಾದ ಒಂದೇ ಸಂಸ್ಥೆ.

ಡಯಾಟಮ್ ಬೂಟಿನಲ್ಲಿ ಪ್ರಯಾಣ ಮಾಡುತ್ತದೆ ಎಂಬುದು ಊಹೆಯಲ್ಲ. ಉತ್ತರಾರ್ಧ ಗೋಳದ ಡಿಡಿಮೊಸ್ಫೀನಿಯ ಎಂಬ ಡಯಾಟಮ್ 2004ರಲ್ಲಿ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ನದಿಗಳಲ್ಲಿ ಕಾಣಿಸಿಕೊಂಡು, ಬಂಡೆಗಳ ಮೇಲೆ ಕೊಳೆ ಉಣ್ಣೆಯಂತೆ ದಪ್ಪಗೆ ಹಬ್ಬಿತು. ಒದ್ದೆ ಬೂಟು, ದೋಣಿ, ಗಾಳದ ಸಾಮಾನುಗಳ ಮೂಲಕ ಅದು ನದಿಯಿಂದ ನದಿಗೆ ದಾಟುತ್ತದೆಂದು ತಿಳಿದು, ಮೀನುಗಾರರು ಹಾಕುವ ಫೆಲ್ಟ್ ಅಟ್ಟೆಯ ಬೂಟುಗಳನ್ನೇ ಅಲ್ಲಿ ನಿಷೇಧಿಸಿದರು. ಕಣ್ಣಿಗೆ ಕಾಣದ ಒಂದೇ ಕೋಶ ಸಾಕು, ಮುಂದಿನದನ್ನು ಅದೇ ನೋಡಿಕೊಳ್ಳುತ್ತದೆ.

ಗಾಳಿಯೂ ಸ್ಕುವಾ ಹಕ್ಕಿಗಳೂ ಹೇಗೂ ಹೊತ್ತು ತರುತ್ತಿರುವಾಗ ಬೂಟಿನ ಮೇಲೇಕೆ ಕೋಪ ಎಂದು ಕೇಳುವವರಿದ್ದಾರೆ. ಲಕ್ಷಾಂತರ ವರ್ಷ ಗಾಳಿ ಬೀಸಿ, ಹಕ್ಕಿ ಹಾರಿಯೂ ಅರ್ಧದಷ್ಟು ಡಯಾಟಮ್‌ಗಳು ತಮ್ಮ ನೆಲ ಬಿಟ್ಟು ಹೋಗಿಲ್ಲ ಎಂಬುದೇ ಅದಕ್ಕೆ ಉತ್ತರ. ಗಾಳಿ ತರುವುದು ಒಂದೊಂದು ಒಣ ಕೋಶ, ಬೀಳುವುದು ಬಹುಪಾಲು ಹಿಮದ ಮೇಲೆ. ಬೂಟು ತರುವುದು ಕೆಸರಿನ ಹೆಂಟೆ, ಇಳಿಯುವುದು ನೇರ ನೀರಿಗೆ, ಅದೂ ಪ್ರತಿ ಬೇಸಿಗೆ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಸಾವಿರಾರು ಕೆರೆಗಳನ್ನು ಒಂದೊಂದಾಗಿ ಓದುತ್ತ ಕೂರಲು ಯಾರಿಗೆ ಪುರಸೊತ್ತಿದೆ, ವಿಜ್ಞಾನಕ್ಕೆ ಯಾವುದಾದರೂ ಸಾಮಾನ್ಯ ಸೂತ್ರ ಬೇಡವೇ? ಬೇಕು. ಆದರೆ ಗುಂಪು ಕಟ್ಟುವುದಾದರೆ ಮಂಜುಗಡ್ಡೆ ತೆರೆದಿರುವ ದಿನಗಳು, ಉಪ್ಪು, ಹಕ್ಕಿ-ಸೀಲ್‌ಗಳ ನೆರೆ, ಕೆರೆಯ ವಯಸ್ಸು ಇವುಗಳ ಮೇಲೆ ಕಟ್ಟಬೇಕು. ಅಕ್ಷಾಂಶ ಅಂಕಣದ ತುದಿಯಲ್ಲಿ ಕೂತಿರಲಿ. ಎಲ್ಲ ಕೆರೆಗಳಿಗೂ ಒಂದೊಂದು ಸಲ ಹೋಗಿ ಬಂದು ಪಟ್ಟಿ ಉದ್ದ ಮಾಡುವುದಕ್ಕಿಂತ, ಶಿರ್ಮಾಕರ್‌ನಲ್ಲಿ ನಾಲ್ಕು, ಲಾರ್ಸ್‌ಮನ್‌ನಲ್ಲಿ ನಾಲ್ಕು ಕೆರೆ ಆರಿಸಿ ಮೂವತ್ತು ವರ್ಷ ಅವಕ್ಕೇ ಮರಳಿ ಹೋಗುವುದು ಮೇಲು. ಒಂದೆರಡನ್ನು ಯಾರೂ ಮುಟ್ಟದೆ ಬಿಡುವುದು ಇನ್ನೂ ಮೇಲು. ಕೇಪ್ ಹರ್ಷೆಲ್‌ನ ಹೊಂಡಗಳು ಒಣಗಿದ್ದು ಗೊತ್ತಾದದ್ದು ಇಬ್ಬರು ಮತ್ತೆ ಮತ್ತೆ ಅಲ್ಲಿಗೇ ಹೋದದ್ದರಿಂದ. ಇದಕ್ಕೆ ಹಡಗಿಗಿಂತ ಹೆಚ್ಚಾಗಿ ಬೇಕಾಗಿರುವುದು ಸೂಕ್ಷ್ಮದರ್ಶಕದ ಮುಂದೆ ಕೂತು ಚಿಪ್ಪಿನ ಗೆರೆ ಎಣಿಸಿ ಸರಿಯಾದ ಹೆಸರು ಹೇಳಬಲ್ಲವರು. ಅಂಥವರನ್ನು ತಯಾರಿಸಲು ವರ್ಷಗಳು ಬೇಕು, ಸಂಬಳ ಕೊಡುವ ಹುದ್ದೆಗಳೂ ಬೇಕು.

ತಡವಾದರೆ ಕಳೆಯುವುದು ಪ್ರಭೇದಗಳಷ್ಟೇ ಅಲ್ಲ. ಭಾರತಿಗೆ ನೆರೆಯಲ್ಲೇ, ಲಾರ್ಸ್‌ಮನ್ ಗುಡ್ಡಗಳ ಪ್ರೋಗ್ರೆಸ್ ಎಂಬ ಸರೋವರದ ತಳದಿಂದ ಸುಮಾರು 1,25,000 ವರ್ಷಗಳ ಹಿಂದಿನ ಕೆಸರು ಎತ್ತಿದ್ದಾರೆ. ಎರಡು ಹಿಮಯುಗಗಳ ನಡುವಿನ ಬೆಚ್ಚಗಿನ ಕಾಲದ್ದು ಅದು. ಇಂದು ಇನ್ನೂ ಉತ್ತರದ ದ್ವೀಪಗಳಲ್ಲಿ ವಾಸಿಸುವಂಥ ಡಯಾಟಮ್‌ಗಳು ಆ ಕೆಸರಿನಲ್ಲಿವೆ. ಆಗ ಅಲ್ಲಿ ಇಂದಿಗಿಂತ ಬೆಚ್ಚಗಿತ್ತು ಎಂದು ಓದಿದ್ದು ಅದರಿಂದಲೇ. ಉತ್ತರದ ಪಾಚಿ ಕಂಡರೆ ಹವೆ ಬೆಚ್ಚಗಾಗಿದೆ ಎಂದರ್ಥ ಎಂಬ ಓದು ನಿಂತಿರುವುದು ಅದನ್ನು ಯಾರೂ ಹೊತ್ತು ತಂದಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ. 1,25,000 ವರ್ಷಗಳ ಹಿಂದೆ ಆ ಅನುಮಾನಕ್ಕೆ ಎಡೆಯಿರಲಿಲ್ಲ. ನಾಳೆ ಅದೇ ಡಯಾಟಮ್ ಅದೇ ಸರೋವರದಲ್ಲಿ ಜೀವಂತವಾಗಿ ಸಿಕ್ಕರೆ, ಬಿಸಿಯೇರಿದ ಗಾಳಿ ಕರೆಸಿಕೊಂಡದ್ದೋ ಬೂಟು ಇಳಿಸಿದ್ದೋ ಎಂದು ತೀರ್ಮಾನಿಸಲು ಯಾವ ಉಪಕರಣವೂ ಇಲ್ಲ. ಸದ್ಯ ಆ ಗೊಂದಲವನ್ನು ದೂರವಿಡಲು ಬೇಕಾದದ್ದು ಒಂದು ಗಟ್ಟಿ ಬ್ರಷ್, ಒಂದು ಬಕೆಟ್ ಬಿಸಿನೀರು, ಪೂರ್ತಿ ಒಣಗಿಸುವಷ್ಟು ತಾಳ್ಮೆ, ಮತ್ತು ಮುಂದಿನ ಕೆರೆಗೆ ಬೇರೆಯದೇ ಒಂದು ಜೊತೆ ಬೂಟು.